ದೂರು ಕೊಡದವರ ಪರವಾಗಿ ಒಂದು ಇಮೇಲ್

ವಿಂಡೋಸ್ ಎಕ್ಸ್‌ಪಿಯಲ್ಲಿ ಏನಾದರೂ ಕೈಕೊಟ್ಟಾಗ ಒಂದು ಪುಟ್ಟ ಕಿಟಕಿ ತೆರೆದುಕೊಳ್ಳುತ್ತಿತ್ತಲ್ಲ, ನೆನಪಿದೆಯಾ? ಮೈಕ್ರೋಸಾಫ್ಟಿಗೆ ಎರರ್ ರಿಪೋರ್ಟ್ ಕಳಿಸಲಾ, ಬೇಡವಾ ಅಂತ ಕೇಳುತ್ತಿತ್ತು. ನನಗೆ ಗೊತ್ತಿದ್ದವರೆಲ್ಲ 'ಬೇಡ' ಅಂತ ಒತ್ತಿದವರೇ. 2001ರಲ್ಲಿ ಬಂದ ಆ ಕಿಟಕಿಯನ್ನು ನಾವು ಎಷ್ಟೇ ಬೈದಿರಲಿ, ಅದರಲ್ಲೊಂದು ಮರ್ಯಾದೆ ಇತ್ತು. ಕೆಟ್ಟಿದ್ದು ನಿಮ್ಮ ಮನೆಯ ಕಂಪ್ಯೂಟರು, ಹಾಗಾಗಿ ನಿಮ್ಮನ್ನು ಕೇಳಿಯೇ ಸುದ್ದಿ ಹೊರಗೆ ಹೋಗುತ್ತಿತ್ತು.

ವೆಬ್‌ಸೈಟುಗಳ ಕಥೆ ಬೇರೆ. ಅಲ್ಲಿ ಪ್ರೋಗ್ರಾಮು ಮುಗ್ಗರಿಸುವುದು ಸರ್ವರಿನಲ್ಲಿ, ಅಂದರೆ ಸೈಟು ನಡೆಸುವವರ ಮನೆಯಲ್ಲಿ. ಬಂದ ನೆಂಟರನ್ನು ಕೇಳುವ ಪ್ರಶ್ನೆಯೇ ಇಲ್ಲ. ಆದರೆ ಮುಗ್ಗರಿಸುವಾಗ ನೆಂಟರ ಕೈಚೀಲವೂ ನಮ್ಮ ಕೈಯಲ್ಲೇ ಇರುತ್ತದೆ. ಈ ಮಾತು ಎಲ್ಲರ ತಲೆಗೆ ಹೋಗುವುದಕ್ಕೆ ತುಂಬಾ ವರ್ಷ ಹಿಡಿಯಿತು.

ಮೊದಲಿನ ಕಾಲದಲ್ಲಿ ಏನಾಗುತ್ತಿತ್ತು ಅಂದರೆ, ಬಿಳಿ ಪುಟದ ಮೇಲೆ 'ಇಂಟರ್ನಲ್ ಸರ್ವರ್ ಎರರ್' ಅಂತ ಬರುತ್ತಿತ್ತು. ಅಪಾಚೆ ಸರ್ವರಿನ ಆ ಪುಟ ಬಲು ವಿನಯದ್ದು. ದಯವಿಟ್ಟು ಸರ್ವರ್ ನೋಡಿಕೊಳ್ಳುವವರಿಗೆ ಬರೆಯಿರಿ, ಎಷ್ಟು ಹೊತ್ತಿಗೆ ಹೀಗಾಯಿತು, ಆಗ ನೀವೇನು ಮಾಡುತ್ತಿದ್ದಿರಿ ತಿಳಿಸಿ ಅಂತ ಕೋರುತ್ತಿತ್ತು. ಯಾರು ಬರೆಯುತ್ತಾರೆ ಸ್ವಾಮಿ? ಅಸಲು ವಿಷಯ ಸರ್ವರಿನ ಲಾಗ್ ಫೈಲಿನಲ್ಲಿ ಬಿದ್ದಿರುತ್ತಿತ್ತು. ಯಾರಾದರೂ ಹೋಗಿ ತೆರೆದು ನೋಡಿದರೆ ಉಂಟು. 2001ರ ಕೊನೆಗೆ ಬಂದ ಪೈಥಾನ್ 2.2ರಲ್ಲಿ ಸಿಜಿಐಟಿಬಿ ಎಂಬ ಸಣ್ಣ ಮಾಡ್ಯೂಲ್ ಸೇರಿತು. ಪ್ರೋಗ್ರಾಮು ಬಿದ್ದ ಸಾಲು, ಅಲ್ಲಿಗೆ ತಲುಪಿದ ದಾರಿ, ಆ ಕ್ಷಣ ಯಾವ ವೇರಿಯಬಲ್‌ನಲ್ಲಿ ಏನಿತ್ತು, ಎಲ್ಲವನ್ನೂ ಅದು ಬ್ರೌಸರಿನಲ್ಲಿ ತೋರಿಸುತ್ತಿತ್ತು, ಬೇಕಾದರೆ ಫೈಲಿಗೆ ಬರೆದಿಡುತ್ತಿತ್ತು. ಪಾಪ, 2024ರ ಪೈಥಾನ್ 3.13ರಲ್ಲಿ ಅದನ್ನು ಕಿತ್ತುಹಾಕಿದರು.

ತಪ್ಪಾದಾಗ ಪ್ರೋಗ್ರಾಮು ತಾನಾಗಿಯೇ ಪತ್ರ ಬರೆಯುವುದನ್ನು ನಾನು ಕಂಡಿದ್ದು ಜ್ಯಾಂಗೋದಲ್ಲಿ. ಇದು ಹುಟ್ಟಿದ್ದು ಯಾವುದೋ ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನ 'ಲಾರೆನ್ಸ್ ಜರ್ನಲ್-ವರ್ಲ್ಡ್' ಪತ್ರಿಕೆಯಲ್ಲಿ, 2003ರಲ್ಲಿ. ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಕಟ್ಟಿದ್ದು. 2005ರ ಜುಲೈನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಪತ್ರಿಕೆಯವರಿಗೆ ಗೊತ್ತಿರುತ್ತದೆ, ಪುಟ ಕೆಟ್ಟರೆ ಓದುಗ ಕಾಗದ ಬರೆಯುತ್ತಾ ಕೂರುವುದಿಲ್ಲ, ಬೇರೆ ಕಡೆ ಹೋಗುತ್ತಾನೆ. ಇದರ ವ್ಯವಸ್ಥೆ ಸರಳ. ಸೆಟ್ಟಿಂಗ್ಸ್ ಫೈಲಿನ 'ಅಡ್ಮಿನ್ಸ್' ಪಟ್ಟಿಯಲ್ಲಿ ಇಮೇಲ್ ವಿಳಾಸ ಬರೆದು, ಮೇಲ್ ಸರ್ವರ್ ಯಾವುದು ಅಂತ ಹೇಳಿ, 'ಡೀಬಗ್' ಆಫ್ ಮಾಡಿದರಾಯಿತು. ಡೀಬಗ್ ಆನ್ ಇದ್ದರೆ ಒಳಗಿನ ವಿವರವೆಲ್ಲ ಹಳದಿ ಪುಟವಾಗಿ ನೋಡಿದವರಿಗೆಲ್ಲ ಕಾಣುತ್ತದೆ. ಆಫ್ ಇದ್ದರೆ ಓದುಗರಿಗೆ ಒಂದು ಕ್ಷಮಾಪಣೆಯ ಪುಟ, ವಿವರವೆಲ್ಲ ನಮ್ಮ ಅಂಚೆಗೆ. ಒಂದು ಕೊಕ್ಕೆ ಮಾತ್ರ ಇದೆ: ಏನೂ ಬದಲಿಸದಿದ್ದರೆ ಮೇಲು 'ರೂಟ್ ಅಟ್ ಲೋಕಲ್‌ಹೋಸ್ಟ್' ಎಂಬ ವಿಳಾಸದಿಂದ ಹೊರಡುತ್ತದೆ. ಅನೇಕ ಮೇಲ್ ಸರ್ವರ್‌ಗಳು ಅದನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತವೆ.

ಇದರ ಬೆಲೆ ನನಗೆ ತಿಳಿದಿದ್ದು ಪುಣೆಯಲ್ಲಿ ನಮ್ಮ ಕನ್ನಡ ಬಳಗದ ಸದಸ್ಯರ ಸೈಟು ನೋಡಿಕೊಳ್ಳುವಾಗ. ಬಳಗದ ಹಿರಿಯರು ಸೈಟು ಕೆಟ್ಟಿದೆ ಅಂತ ಒಮ್ಮೆಯೂ ಫೋನ್ ಮಾಡಿದವರಲ್ಲ. 'ನನ್ನಿಂದಲೇ ಏನೋ ತಪ್ಪಾಯ್ತು' ಅಂದುಕೊಂಡು ಸುಮ್ಮನಾಗುತ್ತಿದ್ದರು. ಅವರ ಪರವಾಗಿ ಜ್ಯಾಂಗೋ ಬರೆಯುತ್ತಿತ್ತು. ಇಂಥವರು ಈ ಫಾರಂ ತುಂಬುತ್ತಿದ್ದರು, ಈ ಸಾಲಿನಲ್ಲಿ ನಿಂತುಹೋಯಿತು ಅಂತ. ಆದರೆ 'ಇಂಥವರು' ಯಾರು ಅಂತ ತಿಳಿಯುವುದೇ ಒಂದು ಸಾಹಸ. ಆಗಿನ ಪೈಥಾನ್ 2 ಕನ್ನಡದ ಹೆಸರನ್ನು ರಿಪೋರ್ಟಿನಲ್ಲಿ ಬರೀ ಯುನಿಕೋಡ್ ಸಂಖ್ಯೆಗಳಾಗಿ ಬರೆಯುತ್ತಿತ್ತು. 'ಕ' ಇದ್ದ ಕಡೆ 0ಸಿ95. ಕಮಲಮ್ಮನವರೋ ಕೃಷ್ಣರಾಯರೋ ಗೊತ್ತಾಗಬೇಕಾದರೆ ಪಟ್ಟಿ ಹಿಡಿದು ಕೂರಬೇಕು! ಪೈಥಾನ್ 3ರಲ್ಲಿ ಈ ಕಾಟ ತಪ್ಪಿತು.

ಒಂದು ಶನಿವಾರ ರಾತ್ರಿ ಡೇಟಾಬೇಸ್ ನಿಂತುಹೋಯಿತು. ಬಳಗದ ಕಾರ್ಯಕ್ರಮಕ್ಕೆ ಹೆಸರು ನೋಂದಾಯಿಸುವ ಕೊನೆಯ ದಿನ ಅದು. ಲಾಗಿನ್ ಆಗಲು ಹೋದ ಒಬ್ಬೊಬ್ಬರಿಗೂ ಒಂದೊಂದು ಮೇಲು, ಮತ್ತೆ ಯತ್ನಿಸಿದರೆ ಮತ್ತೊಂದು. ಇನ್‌ಬಾಕ್ಸ್ ತುಂಬಿದ್ದು ಹಾಗಿರಲಿ, ಒಂದು ಮೇಲು ತೆರೆದವನು ಗಾಬರಿಯಾದೆ. ಫಾರಂನಲ್ಲಿ ತುಂಬಿದ್ದೆಲ್ಲ ಇದ್ದಹಾಗೇ ಬಂದಿತ್ತು, ಪಾಸ್‌ವರ್ಡ್ ಸಮೇತ. ಬಳಗದ ಯಜಮಾನರ ಪಾಸ್‌ವರ್ಡ್ ಅವರ ಮೊಮ್ಮಗಳ ಹೆಸರು ಅಂತ ನನಗೆ ತಿಳಿಯಬೇಕಾಗಿರಲಿಲ್ಲ. ಪಟ್ಟಿಯಲ್ಲಿದ್ದ ಇನ್ನಿಬ್ಬರಿಗೂ ಅದೇ ಮೇಲು ಹೋಗಿತ್ತು.

ಜ್ಯಾಂಗೋದವರು ಮೊದಲಿಂದಲೂ ಕೆಲವನ್ನು ಮುಚ್ಚಿಡುತ್ತಿದ್ದರು ನಿಜ. ಹಳೆಯ ಕೋಡ್ ನೋಡಿದರೆ ನಗು ಬರುತ್ತದೆ. ಮರೆಮಾಡಬೇಕಾದ ಸೆಟ್ಟಿಂಗ್‌ಗಳಲ್ಲಿ ಗುಟ್ಟಿನ ಕೀಲಿ, ಪಾಸ್‌ವರ್ಡ್, ಅವುಗಳ ಪಕ್ಕದಲ್ಲೇ ಬೈಗುಳಗಳ ಪಟ್ಟಿ! (ಓದುಗರ ಕಾಮೆಂಟುಗಳಲ್ಲಿ ಇಂಥ ಮಾತು ತಡೆಯಲು ಇಟ್ಟುಕೊಂಡಿದ್ದು. ಪತ್ರಿಕೆಯ ಮನೆಯಿಂದ ಬಂದ ಕೂಸಲ್ಲವೇ.) ಸೈಟಿನವರ ಗುಟ್ಟಿಗೆ, ಕೊನೆಗೆ ಬೈಗುಳಕ್ಕೂ ಪರದೆ ಇತ್ತು, ಸೈಟಿಗೆ ಬಂದವರ ಗುಟ್ಟಿಗೆ ಇರಲಿಲ್ಲ. 2012ರ ಮಾರ್ಚಿನಲ್ಲಿ ಬಂದ 1.4 ಆವೃತ್ತಿ ಅದನ್ನು ಸರಿಪಡಿಸಿತು. ಯಾವ ವೇರಿಯಬಲ್, ಫಾರಂನ ಯಾವ ಖಾನೆ ರಿಪೋರ್ಟಿಗೆ ಹೋಗಬಾರದು ಅಂತ ನಾವೇ ಗುರುತು ಹಾಕುವ ಹಾಗಾಯಿತು. ಲಾಗಿನ್ ಪುಟಕ್ಕೆ ಅವರೇ ಗುರುತು ಹಾಕಿಕೊಟ್ಟರು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ದೊಡ್ಡ ದಿನ ಅದೇ.

ಮೇಲುಗಳ ಪ್ರವಾಹಕ್ಕೆ ಮದ್ದು ಬೇರೆ ಕಡೆಯಿಂದ ಬಂತು. 2008ರಲ್ಲಿ ಡೇವಿಡ್ ಕ್ರೇಮರ್ ಎಂಬವರು ಜ್ಯಾಂಗೋ-ಡಿಬಿ-ಲಾಗ್ ಅಂತ ಒಂದು ಪುಟ್ಟ ಪ್ರೋಗ್ರಾಮು ಬರೆದರು. ಎರರ್‌ಗಳನ್ನು ಡೇಟಾಬೇಸಿನಲ್ಲಿಟ್ಟು, ಒಂದೇ ಜಾತಿಯವನ್ನು ಗುಂಪು ಮಾಡಿ ಎಣಿಸುವ ಕೆಲಸ. ಸಾವಿರ ಸಲ ಬಿದ್ದರೂ ಒಂದೇ ಸಾಲು, ಪಕ್ಕದಲ್ಲಿ ಸಾವಿರ ಅನ್ನುವ ಅಂಕೆ. ಇದೇ ಮುಂದೆ ಸೆಂಟ್ರಿ ಆಯಿತು, 2012ರಲ್ಲಿ ಕಂಪನಿಯೂ ಆಯಿತು. ರೈಲ್ಸ್‌ನವರಿಗೂ 2008ರಲ್ಲೇ ಥಾಟ್‌ಬಾಟ್‌ನವರ ಹಾಪ್‌ಟೋಡ್ ಸಿಕ್ಕಿತ್ತು. 2011ರಲ್ಲಿ ಅದರ ಹೆಸರು ಏರ್‌ಬ್ರೇಕ್ ಆಯಿತು.

ಅನುಕೂಲವೇನೋ ಆಯಿತು, ಆದರೆ ನೆಂಟರ ಕೈಚೀಲ ಈಗ ಮೂರನೆಯವರ ಮನೆಗೆ ಹೊರಟಿತು. ಸೆಂಟ್ರಿಯ ಪೈಥಾನ್ ಜೋಡಣೆ ನಾವು ಹೇಳದ ಹೊರತು ಬಳಕೆದಾರರ ಗುರುತು ಕಳಿಸುವುದಿಲ್ಲ ಎನ್ನುವುದು ಸಮಾಧಾನ. ವೇರಿಯಬಲ್‌ಗಳಲ್ಲಿ ಇದ್ದದ್ದನ್ನು ಮಾತ್ರ ಬೇಡ ಅನ್ನದಿದ್ದರೆ ಕಳಿಸುತ್ತದೆ, ಅದನ್ನು ನೋಡಿಕೊಳ್ಳಬೇಕು.

ಬಳಗದಂಥ ಸಣ್ಣ ಸೈಟಿಗೆ ನಾನು ಇವತ್ತಿಗೂ ಹಳೆಯ ಮೇಲನ್ನೇ ಇಟ್ಟುಕೊಂಡಿದ್ದೇನೆ. 2015ರ ಕೊನೆಗೆ ಬಂದ 1.9 ಆವೃತ್ತಿಯಲ್ಲಿ ಅಡ್ಮಿನ್ಸ್ ಪಟ್ಟಿಯವರಿಗೆ ಒಂದು ಪರೀಕ್ಷೆಯ ಮೇಲು ಕಳಿಸಿ ನೋಡುವ ಕಮಾಂಡು ಸೇರಿದೆ. ಸರ್ವರ್ ಬದಲಿಸಿದಾಗಲೆಲ್ಲ ಮೊದಲು ಅದನ್ನು ಓಡಿಸುತ್ತೇನೆ, ಮೇಲು ಸ್ಪ್ಯಾಮ್ ಫೋಲ್ಡರಿಗೆ ಹೋಗಿದೆಯಾ ಅಂತಲೂ ಇಣುಕುತ್ತೇನೆ.