ಶಾಸನಕ್ಕೂ ಹಿಂದಿನ ಬರೆಹ

ಶಿಕಾರಿಪುರ, ಸೊರಬದ ಸೀಮೆಯಲ್ಲಿ ಕಲ್ಲೆಂದರೆ ಶಾಸನವೆಂದೇ ನಮ್ಮ ಎಣಿಕೆ. ತಾಳಗುಂದದ ಕಂಬದ ಮೇಲೆ ಕುಬ್ಜ ಕವಿಯ ಕಾವ್ಯವನ್ನು ಕೆತ್ತಿ ಹದಿನೈದು ಶತಮಾನಗಳು ಸಂದಿವೆ. ಬಳ್ಳಿಗಾವೆ, ಕುಬಟೂರುಗಳಲ್ಲಿ ಕಲ್ಲುಗಳೇ ಮಾತನಾಡುತ್ತವೆ. ರೈಸ್ ಸಾಹೇಬರು ಶಿಕಾರಿಪುರದ ಶಾಸನಗಳನ್ನು 1902ರಲ್ಲಿ, ಸೊರಬದವನ್ನು 1904ರಲ್ಲಿ ಅಚ್ಚು ಹಾಕಿಸಿದರು. ಆದರೆ ಉಳಿ ಮುಟ್ಟುವ ಮೊದಲು ಈ ಕಲ್ಲಿಗೊಂದು ಚರಿತ್ರೆ ಇರಲಿಲ್ಲವೆ?

ಈ ಪ್ರಶ್ನೆಯನ್ನು ನನ್ನೆದುರು ಇಟ್ಟವನು ಆ ಕಡೆಯ ಒಬ್ಬ ವಿದ್ಯಾರ್ಥಿ. ಅವನು ತಂದ ಕಲ್ಲಿನ ಮೇಲೆ ಪಕ್ಕೆಲುಬಿನಂತೆ ಸಾಲುಗೆರೆಗಳಿದ್ದುವು. “ಸಾರ್, ಇದು ಟ್ರೈಲೊಬೈಟಿನ ಪಳೆಯುಳಿಕೆ ಅಲ್ಲವೆ?” ಎಂದ. ಭೂವಿಜ್ಞಾನ ಬಲ್ಲ ಮಿತ್ರರಿಗೆ ತೋರಿಸಿದೆ. ಪದರಗಲ್ಲು ಒತ್ತಡಕ್ಕೆ ಸಿಕ್ಕಿ ನಿರಿಗೆಗಟ್ಟಿದ ಗುರುತು ಅಷ್ಟೆ ಎಂದರು. ಹುಡುಗನ ಮುಖ ಬಾಡಿತು. ತನ್ನೂರಿನಲ್ಲಿ ಅದು ಸಿಕ್ಕೀತೆಂಬ ಅವನ ಆಸೆಯಲ್ಲಿ ತಪ್ಪೇನೂ ಇರಲಿಲ್ಲ.

ಟ್ರೈಲೊಬೈಟ್ ಎಂದರೆ ಮೂರು ಪಾಲಿನ ಜೀವಿ. ಬೆನ್ನಿನುದ್ದಕ್ಕೂ ನಡುವೆ ಒಂದು ದಿಂಡು, ಎಡಬಲಕ್ಕೆ ಒಂದೊಂದು ಪಕ್ಕೆ. ಏಡಿ, ಸೀಗಡಿ, ಚೇಳು, ಜೇಡ, ಜರಿಗಳಂತೆ ಇದೂ ಕೀಲುಗಾಲಿನ ಕುಲದ್ದು. ಗದ್ದೆಯ ಏಡಿ ಬೆಳೆದಂತೆ ಹಳೆಯ ಚಿಪ್ಪನ್ನು ಕಳಚುವುದನ್ನು ಕಂಡವರಿಗೆ ಇದರ ಬಾಳು ಅರ್ಥವಾದೀತು. ಒಂದೇ ಪ್ರಾಣಿ ಬಿಟ್ಟ ಹಲವು ಚಿಪ್ಪುಗಳು ಕಡಲ ಕೆಸರಿನಲ್ಲಿ ಹೂತು ಕಲ್ಲಾದುವು. ಸುಮಾರು 52 ಕೋಟಿ ವರ್ಷಗಳ ಹಿಂದೆ, ಕೇಂಬ್ರಿಯನ್ ಯುಗದಲ್ಲಿ, ಇವು ಮೊದಲು ಕಾಣುತ್ತವೆ. 25 ಕೋಟಿ ವರ್ಷಗಳ ಹಿಂದೆ ನಿರ್ವಂಶವಾಗುತ್ತವೆ.

ಕಣ್ಣು, ಕಾಲು, ಕವಚಗಳೊಡನೆ ಇವು ಥಟ್ಟನೆ ಕಾಣಿಸಿಕೊಳ್ಳುವುದು 1859ರಲ್ಲಿ ಡಾರ್ವಿನ್ನನನ್ನೇ ಕಾಡಿತ್ತು. ಪೂರ್ವಜರು ಎಲ್ಲಿ? 1909ರಲ್ಲಿ ವಾಲ್ಕಾಟ್ ಕೆನಡಾದ ಬೆಟ್ಟದಲ್ಲಿ, 1984ರಲ್ಲಿ ಚೀನೀ ವಿದ್ವಾಂಸರು ಚೆಂಗ್‌ಜಿಯಾಂಗಿನಲ್ಲಿ ಕಂಡ ಮೆತುಮೈಯ ಪ್ರಾಣಿಗಳಿಂದ ಆ ಕಾಲದ ಕೀಲುಗಾಲಿಗಳ ಬಳಗ ಎಷ್ಟು ವಿಸ್ತಾರವಾಗಿತ್ತೆಂದು ತಿಳಿಯಿತು. ಅವುಗಳಲ್ಲಿ ಟ್ರೈಲೊಬೈಟಿಗೆ ಗಟ್ಟಿ ಚಿಪ್ಪಿತ್ತು. ಆದುದರಿಂದ ಅದರ ಗುರುತು ಹೆಚ್ಚು ಉಳಿಯಿತು. ಅದಕ್ಕೂ ಹಿಂದಿನ ಕೆಸರಿನಲ್ಲಿ ಪ್ರಾಣಿಗಳು ಹರಿದ ಜಾಡೂ ಉಂಟು.

ಲಿಪಿಯನ್ನು ನೋಡಿ ಶಾಸನದ ಕಾಲ ಹೇಳುವಂತೆ, ಟ್ರೈಲೊಬೈಟನ್ನು ನೋಡಿ ಶಿಲೆಯ ಕಾಲ ಹೇಳುತ್ತಾರೆ. ಇಂದು ಪಾಕಿಸ್ತಾನದಲ್ಲಿರುವ ಉಪ್ಪಿನ ಬೆಟ್ಟಸಾಲಿನ ಒಂದು ಟ್ರೈಲೊಬೈಟನ್ನು ರೆಡ್ಲಿಕ್ ಎಂಬ ವಿದ್ವಾಂಸ 1899ರಲ್ಲಿ ವರ್ಣಿಸಿದ. ಅದಕ್ಕೆ ಅವನ ಹೆಸರಿನಿಂದಲೇ ರೆಡ್ಲಿಕಿಯ ಎಂದಾಯಿತು. ಅದರ ಬಂಧುಗಳು ಚೀನಾ, ಆಸ್ಟ್ರೇಲಿಯಗಳಲ್ಲೂ ದೊರೆತಿವೆ. ಹಿಮಾಲಯದ ಸ್ಪಿತಿಯ ಟ್ರೈಲೊಬೈಟುಗಳನ್ನು ಕೂಪರ್ ರೀಡ್ 1910ರಲ್ಲಿ ಪ್ರಕಟಿಸಿದ.

ಹಾಗಾದರೆ ಶಿಕಾರಿಪುರದಲ್ಲಿ ಏಕಿಲ್ಲ? ಬ್ರೂಸ್ ಫೂಟ್ ಧಾರವಾಡ ಶಿಲೆಗಳೆಂದು ಹೆಸರಿಟ್ಟ ಇಲ್ಲಿಯ ಕಲ್ಲುಗಳಿಗೆ 250 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಟ್ರೈಲೊಬೈಟ್ ಹುಟ್ಟುವ ಹೊತ್ತಿಗೇ ಅವು ಮುದಿಯಾಗಿದ್ದುವು. ಕದಂಬರ ಶಾಸನದಲ್ಲಿ ಕೆಳದಿಯ ಅರಸರ ಹೆಸರನ್ನು ಹುಡುಕಿದರೆ ಸಿಕ್ಕೀತೆ? ಕೇಂಬ್ರಿಯನ್ ಕಡಲಿನ ಕೆಸರೂ ಈ ಸೀಮೆಯಲ್ಲಿ ಶಿಲೆಯಾಗಿ ಉಳಿದಿಲ್ಲ.

ಹಾಗೆಂದು ಈ ಶಿಲೆಗಳು ಮೂಕವಲ್ಲ. ಶಿವಮೊಗ್ಗ, ಚಿತ್ರದುರ್ಗಗಳ ಪ್ರಾಚೀನ ಸುಣ್ಣಗಲ್ಲಿನಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟುಗಳು ಸಿಕ್ಕಿವೆ. ಕಾಲಿಲ್ಲ, ಕಣ್ಣಿಲ್ಲ, ಪಾಚಿಯಂಥ ಬರಿಯ ಪೊರೆ. ಆದರೂ ಬಿಸಿಲುಂಡು ಬದುಕಿದ ಇಂಥ ಜೀವಿಗಳು ಕೋಟ್ಯಂತರ ವರ್ಷ ಬಿಟ್ಟ ಆಮ್ಲಜನಕದಿಂದಲೇ ಮುಂದೆ ಪ್ರಾಣಿಗಳ ಬಾಳು ಸಾಧ್ಯವಾಯಿತು.

ಹುಡುಗನಿಗೆ ಇಷ್ಟನ್ನೂ ಹೇಳಿದೆ. ಇಲ್ಲದುದನ್ನು ಇದೆಯೆಂದು ಓದಿದರೆ ಅದು ಊರಿನ ಅಭಿಮಾನವಲ್ಲ, ಕೂಟಶಾಸನ. ಅವನು ಕಲ್ಲನ್ನು ಎಸೆಯಲಿಲ್ಲ, ಒರೆಸಿ ಚೀಲದಲ್ಲಿಟ್ಟುಕೊಂಡು, “ಹಾಗಾದರೆ ಇದು ಅದಕ್ಕಿಂತಲೂ ಹಳೆಯದು, ಅಲ್ಲವೆ ಸಾರ್?” ಎಂದ.