ನಿಯಮ ರದ್ದಾದರೆ ವ್ಯಸನಮುಕ್ತಿ ಕೇಂದ್ರದ ಗತಿ

ವ್ಯಸನಮುಕ್ತಿ ಕೇಂದ್ರ ತೆರೆಯಲು ನಮ್ಮ ದೇಶದಲ್ಲಿ ಯಾವ ಕಾನೂನಿನ ಅನುಮತಿ ಬೇಕು ಎಂಬುದಕ್ಕೆ ಒಂದೇ ಮಾತಿನ ಉತ್ತರ ಎಂದೂ ಇರಲಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ, ಅಫೀಮು, ಹೆರಾಯಿನ್ ಚಟದವರ ಚಿಕಿತ್ಸೆಗೆ ಕೇಂದ್ರಗಳನ್ನು ಸ್ಥಾಪಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಕುಡಿತದ ಗೊಡವೆ ಅದಕ್ಕಿರಲಿಲ್ಲ. ಹಳೆಯ ಲ್ಯುನಸಿ ಕಾಯ್ದೆಯನ್ನು ತೆಗೆದುಹಾಕಿ ಬಂದ 1987ರ ಮಾನಸಿಕ ಆರೋಗ್ಯ ಕಾಯ್ದೆ ವ್ಯಸನಿಗಳಿಗೆ ಪ್ರತ್ಯೇಕ ಆಸ್ಪತ್ರೆ ಇರಬಹುದು ಎಂದಿತು, ಖಾಸಗಿಯವರಿಗೆ ಪರವಾನಗಿ ಕಡ್ಡಾಯ ಮಾಡಿತು. ಅದು ಜಾರಿಗೆ ಬಂದದ್ದು 1993ರಲ್ಲಿ. ಪರವಾನಗಿ ಎಷ್ಟರಮಟ್ಟಿಗೆ ಕಾಗದದ ಮಾತಾಗಿತ್ತು ಎಂಬುದನ್ನು 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಹಾಕಿದ ಮಾನಸಿಕ ರೋಗಿಗಳು ಬೆಂಕಿಗೆ ಸಿಕ್ಕಿ ಸತ್ತಾಗ ದೇಶ ನೋಡಿತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಚಿತ್ರವನ್ನು ಬದಲಿಸಿತು. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಅದು ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಗೆ ಸೇರಿಸಿತು. ಅಂಥವರನ್ನು ದಾಖಲಿಸಿಕೊಂಡು ನೋಡಿಕೊಳ್ಳುವ ಸಂಸ್ಥೆ ನೋಂದಣಿಯಾಗಬೇಕು, ಇಲ್ಲದಿದ್ದರೆ ಮೊದಲ ತಪ್ಪಿಗೇ 50,000 ರೂಪಾಯಿವರೆಗೆ ದಂಡ. ಜೊತೆಗೆ 1987ರ ಕಾಯ್ದೆಯನ್ನು ರದ್ದು ಮಾಡಿತು. ಹಾಗಾದರೆ ಹಳೆಯ ಪರವಾನಗಿ ಹಿಡಿದು ಕೂತವರ ಪಾಡೇನು?

ಇದಕ್ಕೆ ಉತ್ತರ ಹುಡುಕಬೇಕಾದರೆ ಹಿಂದೆ ಹೋಗಬೇಕು. ರದ್ದಾದ ಕಾನೂನು ಹುಟ್ಟಿಯೇ ಇರಲಿಲ್ಲವೆಂದು ಭಾವಿಸಬೇಕು, ಆಗಿಹೋದ ವ್ಯವಹಾರಗಳಿಗಷ್ಟೇ ಅದು ಸಲ್ಲುತ್ತದೆ ಎಂಬುದು 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ನ್ಯಾಯಾಲಯಗಳು ಹಿಡಿದಿದ್ದ ಕಠಿಣ ನಿಲುವು. ಅದರ ಏಟನ್ನು ನಮ್ಮಲ್ಲಿ ತಪ್ಪಿಸಿದ್ದು 1897ರ ಜನರಲ್ ಕ್ಲಾಸಸ್ ಕಾಯ್ದೆಯ 6ನೇ ಸೆಕ್ಷನ್. ಹಳೆಯ ಕಾನೂನಿನಡಿ ದಕ್ಕಿದ ಹಕ್ಕು, ಮೈಮೇಲೆ ಬಂದ ಹೊಣೆ, ನಡೆಯುತ್ತಿರುವ ತನಿಖೆ ಎಲ್ಲವೂ ರದ್ದತಿಯ ನಂತರವೂ ಉಳಿಯುತ್ತವೆ. ಹೊಸ ಕಾನೂನು ಹಳೆಯ ಹಕ್ಕನ್ನು ಉಳಿಸುತ್ತದೆಯೇ ಎಂದು ಕೇಳಬಾರದು, ಅಳಿಸಲು ಬಯಸಿದೆಯೇ ಎಂದು ಕೇಳಬೇಕು ಎಂದು 1954ರಲ್ಲಿ ಮೋಹರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2017ರ ಕಾಯ್ದೆಯ 126ನೇ ಸೆಕ್ಷನ್ ಇನ್ನೂ ಬಿಡಿಸಿ ಹೇಳುತ್ತದೆ: ಹಳೆಯ ಪರವಾನಗಿಯನ್ನು ಹೊಸ ಕಾಯ್ದೆಯಡಿ ಕೊಟ್ಟದ್ದೆಂದೇ ಭಾವಿಸಬೇಕು. ಹಳೆಯ ಕಾಯ್ದೆಯಡಿಯ ನಿಯಮಗಳೂ ಹೊಸದಕ್ಕೆ ವಿರುದ್ಧವಾಗಿಲ್ಲದಷ್ಟು ಮಟ್ಟಿಗೆ ಜನರಲ್ ಕ್ಲಾಸಸ್ ಕಾಯ್ದೆಯ 24ನೇ ಸೆಕ್ಷನ್ನಿನ ಬಲದಿಂದ ಮುಂದುವರಿಯುತ್ತವೆ.

ಇಷ್ಟು ಕಾಯ್ದೆಯ ಮಾತು. ವ್ಯಸನಮುಕ್ತಿ ಕೇಂದ್ರಗಳ ದೈನಂದಿನ ಬದುಕು ನಿಂತಿರುವುದು ಕಾಯ್ದೆಯ ಮೇಲಲ್ಲ, ರಾಜ್ಯಗಳು ಹೊರಡಿಸುವ ನಿಯಮಗಳ ಮೇಲೆ. ತೊಡಕಿರುವುದೂ ಅಲ್ಲೇ. 6ನೇ ಸೆಕ್ಷನ್ನಿನ ರಕ್ಷೆ ‘ಕೇಂದ್ರ ಕಾಯ್ದೆ ಅಥವಾ ರೆಗ್ಯುಲೇಷನ್’ ರದ್ದತಿಗೆ ಮಾತ್ರ. ಅಲ್ಲಿ ರೆಗ್ಯುಲೇಷನ್ ಎಂದರೆ ಇಲಾಖೆಯ ನಿಯಮಾವಳಿಯಲ್ಲ, ಸಂವಿಧಾನದ 240ನೇ ವಿಧಿಯಡಿ ರಾಷ್ಟ್ರಪತಿ ಹೊರಡಿಸುವಂಥದ್ದು. ನಿಯಮವೊಂದನ್ನು ಕೈಬಿಟ್ಟಾಗ ಈ ರಕ್ಷೆ ಸಿಗದು ಎಂದು 1969ರ ರಾಯಲಾ ಪ್ರಕರಣದಲ್ಲಿ ಹೇಳಿದ್ದನ್ನು 2000ರಲ್ಲಿ ಕೊಲ್ಹಾಪುರದ ಸಕ್ಕರೆ ಕಾರ್ಖಾನೆಯೊಂದರ ಪ್ರಕರಣದಲ್ಲಿ ಸಂವಿಧಾನ ಪೀಠ ಎತ್ತಿಹಿಡಿಯಿತು. ಬೆಂಗಳೂರಿನ ಫೈಬರ್ ಬೋರ್ಡ್ಸ್ ಕಂಪನಿಯ ತೆರಿಗೆ ವ್ಯಾಜ್ಯದಲ್ಲಿ 2015ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ, ಕಾಯ್ದೆಯ ಸೆಕ್ಷನ್ನನ್ನು ಕೈಬಿಡುವುದೂ ರದ್ದತಿಯೇ ಎಂದಿತು. ಆದರೆ ಅದು ಕಾಯ್ದೆಗೆ ಸಂಬಂಧಿಸಿದ ಮಾತು, ಬರಿಯ ನಿಯಮಗಳಿಗೆ ಅದರಿಂದ ನೆರಳು ಸಿಕ್ಕಿಲ್ಲ.

ಹೀಗಾಗಿ ನಿಯಮ ರದ್ದುಪಡಿಸುವ ಅಧಿಸೂಚನೆಯ ಕೊನೆಯಲ್ಲಿರುವ ‘ನಿರಸನ ಮತ್ತು ಉಳಿಸುವಿಕೆ’ ಎಂಬ ಕಂಡಿಕೆಯೇ ಕೇಂದ್ರಗಳ ಹಣೆಬರಹ. ಅದನ್ನು ಬರೆಯಲು ಮರೆಯುವ ಇಲಾಖೆಗಳಿವೆ, ಓದಲು ಮರೆಯುವ ವಕೀಲರೂ ಇದ್ದಾರೆ. ಕಂಡಿಕೆ ಇದ್ದರೂ ಎಲ್ಲವೂ ಉಳಿಯುವುದಿಲ್ಲ. ಕೈಯಲ್ಲಿರುವ ಪರವಾನಗಿ ಹಕ್ಕು, ನವೀಕರಣದ ಅರ್ಜಿ ಬರಿಯ ಆಸೆ. ಈ ಗೆರೆ ಎಷ್ಟು ನಿಷ್ಠುರ ಎಂಬುದನ್ನು 1979ರಲ್ಲಿ ಕೆಎಸ್‌ಆರ್‌ಟಿಸಿ ವಿರುದ್ಧ ಶಿವಾನಂದ ಪ್ರಕರಣ ತೋರಿಸಿತು. ಕಾಂಟ್ರ್ಯಾಕ್ಟ್ ಕ್ಯಾರೇಜ್‌ಗಳನ್ನು ವಶಪಡಿಸಿಕೊಂಡ ಸುಗ್ರೀವಾಜ್ಞೆಯಡಿ ನಿಗಮದಲ್ಲಿ ಕೆಲಸ ಸಿಗುತ್ತದೆಂದು ಕಾದಿದ್ದ ನೌಕರರಿಗೆ, ಅದರ ಜಾಗಕ್ಕೆ ಕಾಯ್ದೆ ಬಂದು ವಾಹನಕ್ಕೆ ಇಷ್ಟು ಮಂದಿ ಎಂಬ ಲೆಕ್ಕ ಇಳಿದಾಗ, ನಿಮ್ಮದಿನ್ನೂ ಪಕ್ವವಾಗದ ಹಕ್ಕು ಎಂಬ ಉತ್ತರ ಸಿಕ್ಕಿತು.

ಮಾಲೀಕರ ಚಿಂತೆಗಿಂತ ನನಗೆ ಮುಖ್ಯವಾಗಿ ಕಾಣುವುದು ಒಳಗಿರುವ ರೋಗಿಯದು. ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಪ್ರಕಾರ ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಬಂದರೆ ಅವನ ಮೇಲೆ ಮೊಕದ್ದಮೆ ನಡೆಯದು. ಆದರೆ ಚಿಕಿತ್ಸೆ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಇಲ್ಲವೇ ಮಾನ್ಯ ಮಾಡಿದ ಜಾಗದಲ್ಲಿ ಆಗಬೇಕು, ಅರ್ಧಕ್ಕೆ ಬಿಟ್ಟರೆ ರಕ್ಷೆ ಹೋಗಬಹುದು. ಮಾನ್ಯತೆ ಕೊಟ್ಟ ನಿಯಮವೇ ನಡುವೆ ರದ್ದಾದರೆ? ನಿಯಮ ಹೋದರೂ 64ಎ ಇರುವ ಕಾಯ್ದೆ ಹೋಗಿಲ್ಲ, ರಕ್ಷೆ ಹುಟ್ಟಿದ್ದು ಕಾಯ್ದೆಯಿಂದ, ಆದ್ದರಿಂದ ಈಗಾಗಲೇ ಚಿಕಿತ್ಸೆಗೆ ಸೇರಿದವನ ರಕ್ಷೆ ಉಳಿಯಬೇಕು ಎಂಬುದು ನನ್ನ ಓದು. ಆದರೆ ಮರುದಿನ ಅದೇ ಬಾಗಿಲಿಗೆ ಬರುವವನಿಗೆ ಈ ವಾದ ಸಲ್ಲುವುದು ಕಷ್ಟ.

ಪಂಜಾಬ್ 2011ರಲ್ಲಿ ಎನ್‌ಡಿಪಿಎಸ್ ಅಡಿ ರಚಿಸಿದ ನಿಯಮಗಳ ಜಾಗಕ್ಕೆ ಹೊಸವನ್ನು ತರಲು 2025ರಲ್ಲಿ ಅಲ್ಲಿನ ಸಂಪುಟ ಒಪ್ಪಿತು. ಇಂಥ ಬದಲಾವಣೆಯಲ್ಲಿ ಇನ್ನೊಂದು ಅಪಾಯವಿದೆ. ಹೊಸ ನಿಯಮವನ್ನು ಹೈಕೋರ್ಟ್ ಹೊಡೆದುಹಾಕಿದರೆ ಹಳೆಯದು ತಾನಾಗಿ ಎದ್ದು ಬರುವುದಿಲ್ಲ ಎಂದು 1962ರ ಮೆಹತಾಬ್ ಮಜೀದ್ ಪ್ರಕರಣ ಹೇಳುತ್ತದೆ. ಹೊಸದನ್ನು ಮಾಡುವ ಅಧಿಕಾರವೇ ಸರ್ಕಾರಕ್ಕಿರಲಿಲ್ಲ ಎಂದು ತೋರಿಸಿದರೆ ಮಾತ್ರ ಮುಂದಿನ ತೀರ್ಪುಗಳಲ್ಲಿ ಹಳೆಯದು ಉಳಿಯುವ ದಾರಿಯಿದೆ. ಎರಡೂ ಇಲ್ಲದ ಆ ಅವಧಿಯಲ್ಲಿ ಎನ್‌ಡಿಪಿಎಸ್ ಕೇಂದ್ರದ ಬಾಗಿಲು ತಟ್ಟುವ ತಪಾಸಣಾಧಿಕಾರಿ ಕೈಯಲ್ಲಿ ಹಿಡಿಯಲು ಉಳಿಯುವುದು 2017ರ ಕಾಯ್ದೆಯ ನೋಂದಣಿ ಸೆಕ್ಷನ್ ಒಂದೇ.