ಇದ್ದೂ ದುಡಿಯದ ಇನ್ಸುಲಿನ್

ಮಧುಮೇಹವೆಂದೊಡನೆ ‘ಅವರಿಗೆ ಇನ್ಸುಲಿನ್ ಸಾಲದು’ ಎಂದುಬಿಡುವುದು ವಾಡಿಕೆ. ವಾಚಕರೇ, ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಈ ಮಾತು ಕೇಳಿಬಂದಿರಲೇಬೇಕು. ನಡುವಯಸ್ಸಿನಲ್ಲಿ ಈ ರೋಗಕ್ಕೆ ಒಳಗಾಗುವ ಬಹುಮಂದಿಯ ವಿಷಯದಲ್ಲಿ ಇದು ಅರ್ಧ ಮಾತ್ರ ನಿಜ. ಅವರ ನೆತ್ತರಿನಲ್ಲಿ ಮೊದಮೊದಲು ಇನ್ಸುಲಿನ್ ಇರುತ್ತದೆ, ಎಷ್ಟೋ ವೇಳೆ ಹೆಚ್ಚಾಗಿಯೇ ಇರುತ್ತದೆ. ದೇಹವು ಅದರ ಮಾತು ಕೇಳುವುದಿಲ್ಲ. ಇದಕ್ಕೆ ಇನ್ಸುಲಿನ್ ಪ್ರತಿರೋಧವೆಂದು ಹೆಸರು.

ರೋಗವು ಎರಡು ಬಗೆಯದೆಂಬ ಅರಿವೇನೋ ಹಳೆಯದು. ಸುಶ್ರುತಸಂಹಿತೆಯು ಪ್ರಮೇಹವನ್ನು ಸಹಜ, ಅಪಥ್ಯನಿಮಿತ್ತ ಎಂದು ವಿಂಗಡಿಸಿ, ಮೊದಲನೆಯ ರೋಗಿ ಕೃಶ, ಎರಡನೆಯವನು ಸ್ಥೂಲ ಎಂದಿತು. ಇಷ್ಟರಿಂದ ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತೆಂದು ಬೀಗುವವರ ಪಂಕ್ತಿಯಲ್ಲಿ ನಾನು ಕೂರಲಾರೆ. ಅವರು ಕಂಡದ್ದು ರೋಗಿಯ ಮೈಕಟ್ಟನ್ನು; ನೆತ್ತರೊಳಗಿನ ವ್ಯಾಪಾರವನ್ನು ಕಾಣುವ ಸಾಧನ ಅವರಲ್ಲಿರಲಿಲ್ಲ.

1921ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನನ್ನು ಹೊರತೆಗೆದರು. ಮರುವರ್ಷ ಜನವರಿಯಲ್ಲಿ, ಸಾವಿನ ಹೊಸ್ತಿಲಲ್ಲಿದ್ದ 14 ವರ್ಷದ ಬಾಲಕನೊಬ್ಬ ಅದರಿಂದ ಚೇತರಿಸಿಕೊಂಡ. ಆ ಗೆಲವಿನ ಬೆಳಕು ಎಷ್ಟು ಪ್ರಖರವಾಗಿತ್ತೆಂದರೆ, ಮಧುಮೇಹವೆಲ್ಲವೂ ಇನ್ಸುಲಿನ್ನಿನ ಕೊರತೆಯೇ ಎಂದು ವೈದ್ಯಲೋಕ ನಂಬಿಬಿಟ್ಟಿತು.

ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ. ಅವನ ಉಪಾಯ ಸರಳ: ರೋಗಿಗೆ ಗ್ಲೂಕೋಸ್ ಕುಡಿಸುವುದು, ಅದೇ ಹೊತ್ತಿಗೆ ರಕ್ತನಾಳಕ್ಕೆ ಇನ್ಸುಲಿನ್ ಕೊಡುವುದು, ಬಳಿಕ ನೆತ್ತರಿನ ಸಕ್ಕರೆಯನ್ನು ಮತ್ತೆ ಮತ್ತೆ ಅಳೆಯುವುದು. ಕೆಲವರಲ್ಲಿ ಸಕ್ಕರೆ ಏರದೆ ತಡೆದು ನಿಂತಿತು. ಇನ್ನು ಕೆಲವರಲ್ಲಿ ಇನ್ಸುಲಿನ್ ಹೊಕ್ಕದ್ದೇ ಸುಳ್ಳೆಂಬಂತೆ ಏರುತ್ತಲೇ ಹೋಯಿತು. ಸಕ್ಕರೆ ಅದೇ, ಮದ್ದು ಅದೇ. ಮೈ ಮಾತ್ರ ಬೇರೆ. ಮಧುಮೇಹಿಗಳಲ್ಲಿ ಇನ್ಸುಲಿನ್ನಿಗೆ ಓಗೊಡುವವರು, ಓಗೊಡದವರು ಎಂಬ ಎರಡು ವರ್ಗಗಳುಂಟೆಂದು ಅವನು 1936ರಲ್ಲಿ ಪ್ರಕಟಿಸಿದ. ಆಗ ಅವನಿಗೆ ಇನ್ನೂ 30ರ ಪ್ರಾಯ.

ಆದರೂ ಒಂದು ತೊಡಕು ಉಳಿಯಿತು. ನೆತ್ತರಿನ ಸಕ್ಕರೆಯನ್ನು ಅಳೆಯಬಹುದಾಗಿತ್ತು. ಅತ್ಯಲ್ಪ ಪ್ರಮಾಣದಲ್ಲಿರುವ ಇನ್ಸುಲಿನನ್ನು ನೆಚ್ಚುವಂತೆ ಅಳೆಯುವ ಬಗೆ ಇರಲಿಲ್ಲ. ಅದನ್ನು ಒದಗಿಸಿದವರು ನ್ಯೂಯಾರ್ಕಿನ ಭೌತಶಾಸ್ತ್ರಜ್ಞೆ ರೋಸಲಿನ್ ಯಾಲೋ ಮತ್ತು ವೈದ್ಯ ಸಾಲೊಮನ್ ಬರ್ಸನ್. (ಇನ್ಸುಲಿನ್ ದೊರೆತ 1921ರಲ್ಲೇ ಈಕೆ ಹುಟ್ಟಿದ್ದು.) ಚುಚ್ಚಿದ ಇನ್ಸುಲಿನ್ನಿಗೆ ದೇಹವು ಪ್ರತಿಕಾಯಗಳನ್ನು ಬೆಳೆಸುತ್ತದೆಂದು ಇವರು ಹೇಳಿದಾಗ ಪಂಡಿತರು ಒಪ್ಪದೆ ಲೇಖನವನ್ನೇ ಹಿಂದಿರುಗಿಸಿದ್ದುಂಟು. ಅದೇ ಪ್ರತಿಕಾಯಗಳನ್ನೂ ವಿಕಿರಣ ಸೂಸುವ ಅಯೋಡಿನ್ನನ್ನೂ ಬಳಸಿ ಇವರು ಅಳತೆಯ ವಿಧಾನವನ್ನು ರೂಪಿಸಿ, 1960ರಲ್ಲಿ ವಿವರವಾಗಿ ಪ್ರಕಟಿಸಿದರು. ಅಳೆದು ನೋಡಿದರೆ ಏನು? ನಡುವಯಸ್ಸಿನ ಅನೇಕ ಮಧುಮೇಹಿಗಳ ನೆತ್ತರಿನಲ್ಲಿ ಇನ್ಸುಲಿನ್ ಧಾರಾಳವಾಗಿತ್ತು! ಹಿಮ್ಸ್‌ವರ್ತನ ಊಹೆಗೆ ಸಾಕ್ಷಿ ದೊರೆಯಿತು. 1977ರಲ್ಲಿ ಯಾಲೋಗೆ ನೊಬೆಲ್ ಬಂತು. 1972ರಲ್ಲೇ ತೀರಿಕೊಂಡಿದ್ದ ಬರ್ಸನ್ನನಿಗೆ ಆ ಭಾಗ್ಯವಿರಲಿಲ್ಲ.

ಒಳಗೆ ನಡೆಯುವುದು ಹೀಗೆ. ಸಕ್ಕರೆಯನ್ನು ಒಳಗೆ ಕರೆದುಕೊಳ್ಳೆಂದು ಸ್ನಾಯುವಿಗೂ, ಹೊರಗೆ ಬಿಡಬೇಡವೆಂದು ಯಕೃತ್ತಿಗೂ ಇನ್ಸುಲಿನ್ ಅಪ್ಪಣೆ ಕೊಡುತ್ತದೆ. ಇವುಗಳಲ್ಲಿ ಕೊಬ್ಬು ಸೇರಿ, ಮೈಗೆ ದುಡಿಮೆ ತಪ್ಪಿದರೆ, ಅಪ್ಪಣೆ ಕೇಳಿಸದಾಗುತ್ತದೆ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಿ ಕೆಲವು ವರ್ಷ ತೂಗಿಸುತ್ತದೆ. ಅದು ಸೋತಾಗ ಸಕ್ಕರೆ ಏರುತ್ತದೆ. ರಕ್ತದೊತ್ತಡ, ಹೃದ್ರೋಗಗಳಿಗೂ ಈ ಪ್ರತಿರೋಧಕ್ಕೂ ನಂಟುಂಟೆಂದು ಅಮೆರಿಕದ ಜೆರಾಲ್ಡ್ ರೀವೆನ್ 1988ರಲ್ಲಿ ವಾದಿಸಿದ.

ಹಾಗಾದರೆ ಗ್ರಂಥಿ ಸೋಲುವುದು ಯಾರಲ್ಲಿ? ಇಲ್ಲಿ ನಮ್ಮ ಮೈಸೂರು ಬರುತ್ತದೆ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು—ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ—1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದಗಳನ್ನು ಬರೆದಿಟ್ಟಿತ್ತು. ಸಂಶೋಧಕರು ಅಲ್ಲಿ ಹುಟ್ಟಿದವರನ್ನು ಹುಡುಕಿ ಪರೀಕ್ಷಿಸಿ, 1998ರಲ್ಲಿ ಫಲ ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ ಕಡಿಮೆ ತೂಕದ ಕೂಸುಗಳಿಗೆ ಮುಂದೆ ಮಧುಮೇಹ ಹೆಚ್ಚೆಂದು ಕಂಡಿತ್ತು. ಮೈಸೂರಿನಲ್ಲಿ ಹುಟ್ಟುವಾಗ ಗಿಡ್ಡಗೆ, ಉದ್ದಕ್ಕೆ ಮೀರಿ ಗುಂಡಗೆ ಇದ್ದವರಲ್ಲಿ, ಭಾರವಾದ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚಾಗಿತ್ತು. ಆ ಗುಂಡುಕೂಸುಗಳು ದೊಡ್ಡವರಾದ ಮೇಲೆ ಅವರ ಗ್ರಂಥಿ ಸಕ್ಕರೆಗೆ ಉತ್ತರವಾಗಿ ಸುರಿಸುತ್ತಿದ್ದ ಇನ್ಸುಲಿನ್ ಕಡಿಮೆಯಾಗಿತ್ತು. ಬಸುರಿಯ ನೆತ್ತರಿನ ಸಕ್ಕರೆಯನ್ನು ಪರೀಕ್ಷಿಸಬೇಕೆಂದು ಇಂದು ವೈದ್ಯರು ಒತ್ತಾಯ ಮಾಡುವುದು ತಾಯಿಗಾಗಿ ಮಾತ್ರವಲ್ಲ, ಹೊಟ್ಟೆಯೊಳಗಿನ ಕೂಸಿಗಾಗಿಯೂ ಹೌದು.